ಮೊದಲ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಯಾವುದು? 1991ರದ್ದೋ, 1971ರದ್ದೋ?

ಪ್ರಶ್ನೆ: ನಾನು ಬದಿಯಡ್ಕ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಶಾಲೆಯ ಕ್ವಿಜ್‌ನಲ್ಲಿ ‘ಮೊದಲ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಯಾವಾಗ ನಡೆಯಿತು?’ ಅಂತ ಕೇಳಿದ್ದೆ. ಉತ್ತರ 1991 ಅಂತ ಬರೆದಿಟ್ಟುಕೊಂಡಿದ್ದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ‘ಅಲ್ಲ ಟೀಚರ್, 1971ರಲ್ಲೇ ಮೆಕ್ಸಿಕೋದಲ್ಲಿ ನಡೆದಿದೆ, ಲಕ್ಷ ಜನ ನೋಡಿದ್ದಾರೆ’ ಅಂದಳು. ಮಾರ್ಕ್ ಕೊಡಬೇಕೋ ಬೇಡವೋ ಗೊತ್ತಾಗಲಿಲ್ಲ. ಯಾವುದು ಸರಿ? ಆಗೆಲ್ಲ ನಮ್ಮ ಭಾರತ ಎಲ್ಲಿತ್ತು? ನಮ್ಮ ಶಾಲೆಯ ಹುಡುಗಿಯರ ಟೀಮಿಗೆ ತೋರಿಸಬಹುದಾದ ಪಂದ್ಯಗಳಿದ್ದರೆ ಅದನ್ನೂ ತಿಳಿಸಿ.

ಉತ್ತರ: ಮಾರ್ಕ್ ಕೊಡಿ ಟೀಚರ್. ಅವಳು ಹೇಳಿದ ಟೂರ್ನಿ ನಿಜವಾಗಿಯೂ ನಡೆದಿದೆ. ಫಿಫಾ ನಡೆಸಿದ ಮೊದಲ ಮಹಿಳಾ ವಿಶ್ವಕಪ್ 1991ರದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಹೆಣ್ಣುಮಕ್ಕಳು ಬೇರೆ ಬೇರೆ ದೇಶಗಳ ಜರ್ಸಿ ಹಾಕಿ, ವಿಶ್ವಕಪ್ ಎಂಬ ಹೆಸರಲ್ಲೇ ಆಡಿದ್ದರು. ಮುಂದಿನ ಸಲ ಪ್ರಶ್ನೆಯನ್ನು ‘ಫಿಫಾ ನಡೆಸಿದ ಮೊದಲ ಮಹಿಳಾ ವಿಶ್ವಕಪ್’ ಅಂತ ಬದಲಾಯಿಸಿಕೊಳ್ಳಿ, ಗೊಂದಲ ಇರುವುದಿಲ್ಲ. ಆದರೆ ಆ ಇಪ್ಪತ್ತು ವರ್ಷ ಲೆಕ್ಕದಿಂದ ಹೇಗೆ ಬಿಟ್ಟುಹೋಯಿತು ಅನ್ನುವುದು ಮಕ್ಕಳಿಗೆ ಗೊತ್ತಾಗಬೇಕಾದ ಸಂಗತಿ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಕಥೆ ಇನ್ನೂ ಹಿಂದೆ, ಇಂಗ್ಲೆಂಡಿನಿಂದ ಶುರುವಾಗುತ್ತದೆ. ಮೊದಲ ಮಹಾಯುದ್ಧದ ಕಾಲ. ಗಂಡಸರು ಯುದ್ಧಕ್ಕೆ ಹೋದರು, ಹೆಂಗಸರು ಮದ್ದುಗುಂಡಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋದರು. ಊಟದ ಬಿಡುವಿನಲ್ಲಿ ಆಡುತ್ತಾ ಆಡುತ್ತಾ ಟೀಮು ಕಟ್ಟಿದರು. ಪ್ರೆಸ್ಟನ್ ಊರಿನ ‘ಡಿಕ್, ಕೆರ್ ಲೇಡೀಸ್’ ಅವುಗಳಲ್ಲಿ ದೊಡ್ಡ ಹೆಸರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರ ಆಟ ನೋಡಲು 53,000 ಜನ ಸೇರಿದ್ದರು. ಜಾಗ ಸಿಗದೆ ಗೇಟಿನ ಹೊರಗೇ ಉಳಿದವರೂ ಸಾವಿರಾರು ಮಂದಿ. ಗೇಟಿನ ಹಣ ಧರ್ಮಕಾರ್ಯಕ್ಕೆ ಹೋಗುತ್ತಿತ್ತು.

ಒಂದು ವರ್ಷ ಕಳೆಯುವುದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಒಂದು ನಿರ್ಣಯ ಮಾಡಿತು. ಫುಟ್‌ಬಾಲ್ ಹೆಂಗಸರಿಗೆ ಹೇಳಿದ್ದಲ್ಲ ಅನ್ನುವುದು ಅದರ ಸಾರ. ಇಲ್ಲಿ ಒಂದು ಸಂಗತಿ ಗಮನಿಸಿ. ಆಟವನ್ನೇ ನಿಲ್ಲಿಸಿ ಅಂತ ಹೇಳುವ ಅಧಿಕಾರ ಸಂಘಕ್ಕೆ ಇರಲಿಲ್ಲ. ತನ್ನ ಸದಸ್ಯ ಕ್ಲಬ್‌ಗಳಿಗೆ ‘ಹೆಂಗಸರಿಗೆ ಗ್ರೌಂಡ್ ಕೊಡಬೇಡಿ’ ಅಂತ ಹೇಳಿತು, ಅಷ್ಟೇ. ನಮ್ಮ ಕಡೆ ಸೆವೆನ್ಸ್, ಅಂದರೆ ಏಳೇಳು ಜನ ಆಡುವ ಫುಟ್‌ಬಾಲ್ ಟೂರ್ನಮೆಂಟ್, ನಡೆಸುವ ಕ್ಲಬ್ಬಿನವರನ್ನು ಕೇಳಿ ನೋಡಿ, ಇದರ ಪೆಟ್ಟು ಎಂಥದ್ದು ಅಂತ ಅವರೇ ಹೇಳುತ್ತಾರೆ. ಗ್ರೌಂಡ್ ಇಲ್ಲದಿದ್ದರೆ ಗ್ಯಾಲರಿ ಇಲ್ಲ. ಗ್ಯಾಲರಿ ಇಲ್ಲದಿದ್ದರೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಟೂರ್ನಮೆಂಟೇ ಇಲ್ಲ. ಈ ನಿಷೇಧ ಸುಮಾರು ಐವತ್ತು ವರ್ಷ ಹಾಗೇ ಉಳಿಯಿತು.

ಬೇರೆ ದೇಶಗಳೂ ಅದೇ ದಾರಿ ಹಿಡಿದವು. ಬ್ರೆಜಿಲ್ 1941ರಲ್ಲಿ ಕಾನೂನನ್ನೇ ಮಾಡಿತು. ಅದು ಹೋದದ್ದು 1979ರಲ್ಲಿ. ಪಶ್ಚಿಮ ಜರ್ಮನಿಯ ಸಂಘ 1955ರಿಂದ 1970ರವರೆಗೆ ಬಾಗಿಲು ಹಾಕಿತ್ತು. ಇವತ್ತು ಮಹಿಳಾ ಫುಟ್‌ಬಾಲ್ ಅಂದ ಕೂಡಲೇ ನಾವು ಹೇಳುವ ದೇಶಗಳೇ ಇವು ಅಲ್ವಾ? ಹೆಂಗಸರ ಆಟ ತಡವಾಗಿ ಹುಟ್ಟಿತು, ಅದಕ್ಕೇ ಹಿಂದೆ ಉಳಿಯಿತು ಅಂತ ಯಾರಾದರೂ ಹೇಳಿದರೆ ಈ ವರ್ಷಗಳನ್ನು ತೋರಿಸಿ. ಬೆಳೆಯುತ್ತಿದ್ದ ಆಟವನ್ನು ತಡೆದು ನಿಲ್ಲಿಸಿದ್ದು ಇದು.

ಸಂಘಗಳು ಬೇಡ ಅಂದಾಗ ಹೊರಗಿನವರು ಬಂದರು. ಇಟಲಿಯ ತೂರಿನ್ ನಗರದಲ್ಲಿ ಕೆಲವರು ಸೇರಿ ಫಿಫಾಕ್ಕೆ ಸಂಬಂಧವೇ ಇಲ್ಲದ ಒಂದು ಸ್ವತಂತ್ರ ಮಹಿಳಾ ಫುಟ್‌ಬಾಲ್ ಒಕ್ಕೂಟ ಕಟ್ಟಿದರು. ಹಣ ಹಾಕಿದ್ದು ‘ಮಾರ್ಟಿನಿ ಆ್ಯಂಡ್ ರೊಸ್ಸಿ’ ಎಂಬ ಮದ್ಯದ ಕಂಪೆನಿ. 1970ರ ಜುಲೈನಲ್ಲಿ ಇಟಲಿಯಲ್ಲೇ ವಿಶ್ವಕಪ್ ನಡೆಸಿದರು. ಫೈನಲ್‌ನಲ್ಲಿ ಡೆನ್ಮಾರ್ಕ್ ಇಟಲಿಯನ್ನು 2-0ರಿಂದ ಸೋಲಿಸಿತು. ಡೆನ್ಮಾರ್ಕ್ ಹೆಸರಲ್ಲಿ ಆಡಿದ್ದು ಕೋಪನ್‌ಹೇಗನ್‌ನ ಫೆಮಿನಾ ಎಂಬ ಕ್ಲಬ್. ದೇಶದ ಸಂಘ ಟೀಮು ಕಟ್ಟಿಕೊಡದಿದ್ದಾಗ ಕ್ಲಬ್ಬೇ ದೇಶವಾಯಿತು.

ಅದರ ಮರುವರ್ಷವೇ ನಿಮ್ಮ ವಿದ್ಯಾರ್ಥಿನಿ ಹೇಳಿದ ಮೆಕ್ಸಿಕೋ ಟೂರ್ನಿ. 1971ರ ಆಗಸ್ಟ್ 15ರಿಂದ ಸೆಪ್ಟೆಂಬರ್ 5ರವರೆಗೆ. ಮೆಕ್ಸಿಕೋ, ಅರ್ಜೆಂಟೀನಾ, ಡೆನ್ಮಾರ್ಕ್, ಇಂಗ್ಲೆಂಡ್, ಫ್ರಾನ್ಸ್, ಇಟಲಿ, ಹೀಗೆ ಆರು ತಂಡ. ಫಿಫಾಕ್ಕೆ ಇದು ಇಷ್ಟವಿರಲಿಲ್ಲ. ಆದರೆ ಮೆಕ್ಸಿಕೋ ಸಿಟಿಯ ಅಜ್ಟೆಕಾ ಮತ್ತು ಗ್ವಾದಲಹಾರಾದ ಹಲಿಸ್ಕೋ ಸ್ಟೇಡಿಯಂಗಳು ಖಾಸಗಿಯವರ ಕೈಯಲ್ಲಿದ್ದವು. ಹಿಂದಿನ ವರ್ಷವಷ್ಟೇ ಪೆಲೆ ಆಡಿ ಗಂಡಸರ ವಿಶ್ವಕಪ್ ಗೆದ್ದ ಅದೇ ಅಜ್ಟೆಕಾ. ಗ್ರೌಂಡ್ ಸಿಕ್ಕಿತು, ಟೀವಿ ಸಿಕ್ಕಿತು, ಜನ ತಾವಾಗಿ ಬಂದರು. 1921ರಲ್ಲಿ ಕಸಿದುಕೊಂಡದ್ದು ಏನೋ ಅದೇ ಇಲ್ಲಿ ವಾಪಸ್ ಸಿಕ್ಕಿತ್ತು.

ಆ ಮೂರು ವಾರಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗೋಲು ಕಂಬಗಳಿಗೆ ಗುಲಾಬಿ ಬಣ್ಣದ ಪಟ್ಟೆ ಬಳಿದಿದ್ದರು. ಫುಟ್‌ಬಾಲ್ ಡ್ರೆಸ್ ಹಾಕಿದ ಒಬ್ಬಳು ಪುಟ್ಟ ಹುಡುಗಿ ಟೂರ್ನಿಯ ಲಾಂಛನ, ಹೆಸರು ಸೋಚಿಲ್. ಇಂಗ್ಲೆಂಡಿನ ಹುಡುಗಿಯರು ಊರಲ್ಲಿ ಪಾರ್ಕಿನ ಮೂಲೆಗಳಲ್ಲಿ ಆಡಿಕೊಂಡಿದ್ದವರು. ಅವರಲ್ಲಿ ಒಬ್ಬಳಿಗೆ ಬರೀ 13 ವರ್ಷ, ನಿಮ್ಮ ಎಂಟನೇ ಕ್ಲಾಸಿನ ಮಕ್ಕಳ ಪ್ರಾಯ. ಅರ್ಜೆಂಟೀನಾ ತಂಡ ಬಂದದ್ದು ಕೋಚ್ ಇಲ್ಲದೆ, ಡಾಕ್ಟರ್ ಇಲ್ಲದೆ. ಆದರೂ ಆಗಸ್ಟ್ 21ರಂದು ಅವರು ಇಂಗ್ಲೆಂಡನ್ನು 4-1ರಿಂದ ಸೋಲಿಸಿದರು. ನಾಲ್ಕೂ ಗೋಲು ಎಲ್ಬಾ ಸೆಲ್ವಾ ಒಬ್ಬರದ್ದೇ. ಅರ್ಜೆಂಟೀನಾದಲ್ಲಿ ಈಗ ಆಗಸ್ಟ್ 21 ಮಹಿಳಾ ಫುಟ್‌ಬಾಲ್ ಆಟಗಾರ್ತಿಯರ ದಿನ.

ಮೆಕ್ಸಿಕೋ ಹುಡುಗಿಯರು ಸೆಮಿಫೈನಲ್‌ನಲ್ಲಿ ಇಟಲಿಯನ್ನು ಸೋಲಿಸಿ ಫೈನಲ್‌ಗೆ ಬಂದರು. ಅವರ ಅಲಿಸಿಯಾ ವಾರ್ಗಾಸ್‌ಳನ್ನು ಜನ ‘ಪೆಲೆ’ ಅಂತಲೇ ಕರೆಯುತ್ತಿದ್ದರು. ಫೈನಲ್‌ಗೆ ಮುಂಚೆ ಅವರು ಒಂದು ಮಾತು ಕೇಳಿದರು. ಇಷ್ಟು ಟಿಕೆಟ್ ಮಾರಿದ್ದೀರಿ, ನಮಗೂ ಹಣ ಕೊಡಿ. ಇಲ್ಲದಿದ್ದರೆ ಆಡುವುದಿಲ್ಲ. ಪತ್ರಿಕೆಗಳು ಅವರ ಮೇಲೆ ತಿರುಗಿಬಿದ್ದವು. ಕೊನೆಗೆ ಹಣವಿಲ್ಲದೆಯೇ ಆಡಿದರು. ಆ ದಿನ ಅಜ್ಟೆಕಾದಲ್ಲಿ ಸುಮಾರು 1,10,000 ಜನ. ಡೆನ್ಮಾರ್ಕ್ 3-0ರಿಂದ ಗೆದ್ದಿತು. ಮೂರೂ ಗೋಲು ಹೊಡೆದ ಸುಸಾನೆ ಆಗುಸ್ಟೆಸೆನ್‌ಗೆ 15 ವರ್ಷ.

ಆಮೇಲೆ ಏನಾಯಿತು? ಇಂಗ್ಲೆಂಡಿನ ಹುಡುಗಿಯರು ಮನೆಗೆ ಮರಳಿದಾಗ ಸ್ವಾಗತ ಇರಲಿಲ್ಲ, ಆಟದಿಂದ ನಿಷೇಧ ಕಾದಿತ್ತು. ಹಲವರು ಎಷ್ಟೋ ವರ್ಷ ಈ ಸುದ್ದಿಯನ್ನೇ ಎತ್ತಲಿಲ್ಲ. ಮಹಿಳಾ ಪಂದ್ಯ ನೋಡಿದವರ ದಾಖಲೆ ಅಂತ ಈಗ ಸಾಮಾನ್ಯವಾಗಿ ಹೇಳುವುದು 2022ರಲ್ಲಿ ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ ಸೇರಿದ 91,648. ಅಜ್ಟೆಕಾದ ಸಂಖ್ಯೆ ಆ ಲೆಕ್ಕಕ್ಕೆ ಬರುವುದಿಲ್ಲ. ಸಂಘದ ಮೊಹರು ಬೀಳದಿದ್ದರೆ ಲಕ್ಷ ಜನ ಕಣ್ಣಾರೆ ನೋಡಿದ ಪಂದ್ಯವೂ ದಾಖಲೆಗೆ ಸೇರುವುದಿಲ್ಲ. ನನಗೆ ಇದು ಇವತ್ತಿಗೂ ಅನ್ಯಾಯ ಅಂತಲೇ ಕಾಣುತ್ತದೆ.

ಆದರೆ ಮೆಕ್ಸಿಕೋದ ಗ್ಯಾಲರಿ ಸಂಘಗಳಿಗೆ ಬಿಸಿ ಮುಟ್ಟಿಸಿತು. ಅದೇ 1971ರಲ್ಲಿ ಯುರೋಪಿನ ಸಂಘಗಳು ಸಭೆ ಸೇರಿ, ಮಹಿಳಾ ಫುಟ್‌ಬಾಲ್ ಅನ್ನು ಆಯಾ ದೇಶದ ಸಂಘವೇ ನೋಡಿಕೊಳ್ಳಬೇಕು ಅಂತ ಮತ ಹಾಕಿದವು. ವಿರೋಧಿಸಿದ್ದು ಸ್ಕಾಟ್ಲೆಂಡ್ ಒಂದೇ. ಪ್ರೀತಿಯಿಂದ ಮಾಡಿದ್ದಕ್ಕಿಂತ ಆಟ ಕೈತಪ್ಪಿ ಹೋದೀತು ಅನ್ನುವ ಭಯದಿಂದ ಮಾಡಿದ್ದೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಮೊಹರೇನೋ ಸಿಕ್ಕಿತು, ಟೂರ್ನಿ ಸಿಗಲಿಲ್ಲ. ಯುರೋಪಿನ ಅಧಿಕೃತ ಚಾಂಪಿಯನ್‌ಶಿಪ್‌ನ ಮೊದಲ ಫೈನಲ್‌ಗೆ 1984ರವರೆಗೆ ಕಾಯಬೇಕಾಯಿತು. ಸ್ವೀಡನ್ ಪೆನಾಲ್ಟಿಯಲ್ಲಿ ಇಂಗ್ಲೆಂಡನ್ನು ಸೋಲಿಸಿತು. 1989ರಲ್ಲಿ ಯುರೋಪ್ ಗೆದ್ದ ಪಶ್ಚಿಮ ಜರ್ಮನಿಯ ಆಟಗಾರ್ತಿಯರಿಗೆ ಅವರ ಸಂಘ ಕೊಟ್ಟ ಬಹುಮಾನ ಒಂದೊಂದು ಕಾಫಿ ಸೆಟ್.

ಈಗ ನಿಮ್ಮ ಎರಡನೇ ಪ್ರಶ್ನೆ. ಆಗ ಭಾರತ ಎಲ್ಲಿತ್ತು? ನಮ್ಮ ಪಕ್ಕದಲ್ಲೇ ಇತ್ತು ಟೀಚರ್, ಕಲ್ಲಿಕೋಟೆಯಲ್ಲಿ.

ಏಷ್ಯಾದಲ್ಲೂ ಹೀಗೇ ಗಂಡಸರ ಸಂಘದ ಹೊರಗೆ ಒಂದು ಮಹಿಳಾ ಒಕ್ಕೂಟ ಇತ್ತು. ಅದು 1975ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಏಷ್ಯಾದ ಮೊದಲ ಮಹಿಳಾ ಚಾಂಪಿಯನ್‌ಶಿಪ್ ನಡೆಸಿತು. ಗೆದ್ದದ್ದು ನ್ಯೂಜಿಲೆಂಡ್. ನ್ಯೂಜಿಲೆಂಡ್ ಏಷ್ಯಾಕ್ಕೆ ಹೇಗೆ ಬಂತು ಅಂತ ಮಕ್ಕಳು ಕೇಳಬಹುದು. ಆಡಲು ಮನಸ್ಸಿದ್ದ ತಂಡಗಳನ್ನೆಲ್ಲ ಸೇರಿಸಿಕೊಂಡೇ ಟೂರ್ನಿ ಆಗಬೇಕಿದ್ದ ಕಾಲ ಅದು. ಅದೇ 1975ರಲ್ಲಿ ನಮ್ಮ ದೇಶದಲ್ಲೂ ಭಾರತೀಯ ಮಹಿಳಾ ಫುಟ್‌ಬಾಲ್ ಫೆಡರೇಷನ್ ಹುಟ್ಟಿತು, ಪುರುಷರ ಫೆಡರೇಷನ್‌ನಿಂದ ಬೇರೆಯಾಗಿಯೇ.

ಏಷ್ಯಾ ಚಾಂಪಿಯನ್‌ಶಿಪ್‌ನ ಮೂರನೆಯ ಆವೃತ್ತಿ 1980ರ ಜನವರಿಯಲ್ಲಿ ನಡೆದದ್ದು ಕಲ್ಲಿಕೋಟೆಯಲ್ಲಿ. ಕಾಸರಗೋಡಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಭಾರತ ಒಂದಲ್ಲ, ಎರಡು ತಂಡ ಇಳಿಸಿತ್ತು. ದಾಖಲೆಗಳಲ್ಲಿ ಅವು ‘ಇಂಡಿಯಾ ಎಸ್’ ಮತ್ತು ‘ಇಂಡಿಯಾ ಎನ್’. ಆಸ್ಟ್ರೇಲಿಯದಿಂದ ಬಂದದ್ದು ಒಂದು ರಾಜ್ಯದ ತಂಡ, ಪಶ್ಚಿಮ ಆಸ್ಟ್ರೇಲಿಯ. ‘ಇಂಡಿಯಾ ಎಸ್’ ಫೈನಲ್‌ವರೆಗೆ ಹೋಗಿ ತೈವಾನ್ ಎದುರು 2-0ರಿಂದ ಸೋತಿತು. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ ಭಾರತಕ್ಕೆ ಮೂರನೇ ಸ್ಥಾನ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್. ಥಾಯ್ಲೆಂಡ್ ಎದುರು 3-0 ಸೋಲು. ಅದೇ 1983ರ ಅರ್ಜುನ ಪ್ರಶಸ್ತಿ ಶಾಂತಿ ಮಲ್ಲಿಕ್ ಅವರಿಗೆ ಬಂತು. ಫುಟ್‌ಬಾಲ್‌ಗೆ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ನಾಲ್ಕು ವರ್ಷದೊಳಗೆ ಏಷ್ಯಾದಲ್ಲಿ ಎರಡು ರನ್ನರ್-ಅಪ್, ಒಂದು ಮೂರನೇ ಸ್ಥಾನ. ಭಾರತದ ಮಹಿಳಾ ತಂಡ ಆಮೇಲೆ ಆ ಎತ್ತರ ಮುಟ್ಟಿಲ್ಲ.

ಇಲ್ಲಿ ಒಂದು ಹೋಲಿಕೆ ಮಾಡಿ ನೋಡಿ. 1971ರ ಮೆಕ್ಸಿಕೋ ಟೂರ್ನಿಯೂ ಹೊರಗಿನವರು ನಡೆಸಿದ್ದು, 1980ರ ಕಲ್ಲಿಕೋಟೆ ಟೂರ್ನಿಯೂ ಹೊರಗಿನವರು ನಡೆಸಿದ್ದು. ಏಷ್ಯಾದ ಸಂಘ 1986ರಲ್ಲಿ ಆ ಮಹಿಳಾ ಒಕ್ಕೂಟವನ್ನು ತನ್ನೊಳಗೆ ಸೇರಿಸಿಕೊಂಡಿತು. ಹಳೆಯ ಟೂರ್ನಿಗಳನ್ನೂ ತನ್ನ ಇತಿಹಾಸಕ್ಕೆ ಸೇರಿಸಿಕೊಂಡಿತು. ಹಾಗಾಗಿ ಏಷ್ಯನ್ ಕಪ್ ಪಟ್ಟಿ 1975ರಿಂದ ಶುರುವಾಗುತ್ತದೆ, ಕಲ್ಲಿಕೋಟೆಯ ಹೆಸರೂ ಅದರಲ್ಲಿ ಉಂಟು. ಫಿಫಾ ಹಾಗೆ ಮಾಡಲಿಲ್ಲ. ಅದರ ವಿಶ್ವಕಪ್ ಪಟ್ಟಿಗೆ 1991ಕ್ಕಿಂತ ಹಿಂದಿನದ್ದು ಯಾವುದೂ ಇಲ್ಲ. ಏಷ್ಯಾದವರು ಮಾಡಿದ್ದು ಸರಿ ಅಂತ ನನಗೆ ಅನ್ನಿಸುತ್ತದೆ. ಕಪ್ಪು ಯಾರು ಕೊಟ್ಟರು ಅನ್ನುವುದಕ್ಕಿಂತ ಯಾರು ಆಡಿದರು ಅನ್ನುವುದು ಮುಖ್ಯ ಅಲ್ವಾ?

ಫಿಫಾ ಎಚ್ಚೆತ್ತದ್ದು 1986ರಲ್ಲಿ. ಅದರ ಮಹಾಸಭೆ ಮೆಕ್ಸಿಕೋ ಸಿಟಿಯಲ್ಲಿ, ಅಂದರೆ ಅಜ್ಟೆಕಾ ಇರುವ ಊರಿನಲ್ಲೇ ನಡೆಯಿತು. ನಾರ್ವೆಯ ಪ್ರತಿನಿಧಿ ಎಲೆನ್ ವಿಲ್ಲೆ ಎದ್ದು ನಿಂತು ಮೈಕ್ ಹಿಡಿದರು. ಆ ಸಭೆಯಲ್ಲಿ ಅದುವರೆಗೆ ಹೆಂಗಸರು ಮಾತಾಡಿದ್ದೇ ಇಲ್ಲ. ನಿಮ್ಮ ವರದಿಯಲ್ಲಿ ಮಹಿಳಾ ಫುಟ್‌ಬಾಲ್ ಎಲ್ಲಿದೆ? ನಮಗೂ ವಿಶ್ವಕಪ್ ಬೇಕು, ಒಲಿಂಪಿಕ್ಸ್‌ನಲ್ಲಿ ಜಾಗ ಬೇಕು ಅಂದರು. 1988ರಲ್ಲಿ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ 12 ತಂಡ ಕರೆಸಿ ಫಿಫಾ ಒಂದು ಪ್ರಯೋಗದ ಟೂರ್ನಿ ನಡೆಸಿತು. ಗೆದ್ದದ್ದು ಎಲೆನ್ ವಿಲ್ಲೆ ಅವರ ನಾರ್ವೆಯೇ.

ಮೂರು ವರ್ಷದ ಮೇಲೆ, 1991ರ ನವೆಂಬರ್‌ನಲ್ಲಿ, ಅದೇ ಗ್ವಾಂಗ್‌ಡಾಂಗ್‌ನಲ್ಲಿ ನಿಮ್ಮ ಕ್ವಿಜ್‌ನ ವಿಶ್ವಕಪ್. ಆದರೆ ಆಗ ಅದನ್ನು ವಿಶ್ವಕಪ್ ಅಂತ ಕರೆಯಲಿಲ್ಲ. ‘ಮಹಿಳಾ ಫುಟ್‌ಬಾಲ್‌ನ ವಿಶ್ವ ಚಾಂಪಿಯನ್‌ಶಿಪ್’ ಅಂತ ಹೇಳಿ, ಪ್ರಾಯೋಜಕರ ಚಾಕೊಲೇಟ್ ಮಿಠಾಯಿಯ ಹೆಸರು ಜೋಡಿಸಿ ‘ಎಂ ಆ್ಯಂಡ್ ಎಂಸ್ ಕಪ್’ ಅಂತ ನಡೆಸಿದರು. ವಿಶ್ವಕಪ್ ಎಂಬ ಹೆಸರು ಆಮೇಲೆ ಸೇರಿಸಿದ್ದು. ಪಂದ್ಯ 90 ನಿಮಿಷದ್ದಲ್ಲ, 80 ನಿಮಿಷದ್ದು. ಫೈನಲ್‌ನಲ್ಲಿ ಅಮೆರಿಕ ಮತ್ತು ನಾರ್ವೆ 1-1ರಲ್ಲಿ ಇದ್ದವು. ಮುಗಿಯಲು ಎರಡು ನಿಮಿಷ ಇರುವಾಗ ನಾರ್ವೆಯ ಡಿಫೆಂಡರ್ ತಮ್ಮ ಗೋಲ್‌ಕೀಪರ್‌ಗೆ ಕೊಟ್ಟ ಬ್ಯಾಕ್ ಪಾಸ್ ಮೆಲ್ಲಗಾಯಿತು. ಮಿಶೆಲ್ ಏಕರ್ಸ್ ಓಡಿ ಹಿಡಿದು ಗೋಲಿಗೆ ಹಾಕಿದರು. ಆ ಟೂರ್ನಿಯಲ್ಲಿ ಅವರದ್ದು ಒಟ್ಟು 10 ಗೋಲು.

ನಂತರದ್ದನ್ನು ಬೇಗ ಹೇಳಿಬಿಡುತ್ತೇನೆ, ಇದು ಎಲ್ಲ ಕಡೆ ಸಿಗುತ್ತದೆ. 1995ರಲ್ಲಿ ಸ್ವೀಡನ್‌ನಲ್ಲಿ ನಾರ್ವೆ. 1996ರಲ್ಲಿ ಒಲಿಂಪಿಕ್ಸ್‌ಗೆ ಮಹಿಳಾ ಫುಟ್‌ಬಾಲ್ ಸೇರಿತು, ಅಮೆರಿಕ ಗೆದ್ದಿತು. 1999ರಲ್ಲಿ ಅಮೆರಿಕದ ರೋಸ್ ಬೌಲ್‌ನಲ್ಲಿ ಫೈನಲ್, 90,185 ಜನ, ಚೀನಾ ಎದುರು ಪೆನಾಲ್ಟಿಯಲ್ಲಿ ಅಮೆರಿಕ. 2003ರ ಟೂರ್ನಿ ಚೀನಾದಲ್ಲಿ ನಡೆಯಬೇಕಿತ್ತು, ಸಾರ್ಸ್ ರೋಗದಿಂದ ಅಮೆರಿಕಕ್ಕೆ ಹೋಯಿತು. ಗೆದ್ದದ್ದು ಜರ್ಮನಿ. 2007ರಲ್ಲಿ ಮತ್ತೆ ಜರ್ಮನಿ, ಅದೂ ಟೂರ್ನಿಯಲ್ಲಿ ಒಂದೂ ಗೋಲು ಬಿಟ್ಟುಕೊಡದೆ. 2011ರಲ್ಲಿ ಜಪಾನ್. 2015 ಮತ್ತು 2019ರಲ್ಲಿ ಅಮೆರಿಕ. 2015ರಿಂದ 24 ತಂಡ, 2023ರಿಂದ 32. 2023ರಲ್ಲಿ ಸಿಡ್ನಿಯಲ್ಲಿ ಸ್ಪೇನ್ 1-0ರಿಂದ ಇಂಗ್ಲೆಂಡನ್ನು ಸೋಲಿಸಿತು. 2027ರ ವಿಶ್ವಕಪ್ ಬ್ರೆಜಿಲ್‌ಗೆ ಕೊಟ್ಟಿದ್ದಾರೆ, 1941ರಲ್ಲಿ ಕಾನೂನು ಮಾಡಿ ಹೆಂಗಸರ ಆಟ ತಡೆದ ಅದೇ ಬ್ರೆಜಿಲ್‌ಗೆ.

ಭಾರತದ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆ. 1990ರ ದಶಕದ ಶುರುವಿನಲ್ಲಿ ಮಹಿಳಾ ಫೆಡರೇಷನ್ ಹೋಗಿ ಎಲ್ಲವೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೆಳಗೆ ಬಂತು. ಮೊಹರು ಸಿಕ್ಕಿತು, ಪಂದ್ಯಗಳು ಸಿಗಲಿಲ್ಲ. ವರ್ಷಗಟ್ಟಲೆ ಟೀಮಿಗೆ ಅಂತರರಾಷ್ಟ್ರೀಯ ಆಟವೇ ಇರುತ್ತಿರಲಿಲ್ಲ. ಅಷ್ಟರಲ್ಲಿ ಚೀನಾ, ಜಪಾನ್, ಕೊರಿಯಾ ತುಂಬಾ ಮುಂದೆ ಹೋಗಿದ್ದವು. ದಕ್ಷಿಣ ಏಷ್ಯಾದಲ್ಲಿ ಮಾತ್ರ ನಾವು ಗಟ್ಟಿಯಾಗಿ ನಿಂತೆವು. 2010ರಿಂದ 2019ರವರೆಗೆ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಮಹಿಳಾ ಚಾಂಪಿಯನ್‌ಶಿಪ್ ಐದು ಸಲ ನಡೆಯಿತು, ಐದೂ ಸಲ ಭಾರತವೇ. 2022 ಮತ್ತು 2024ರಲ್ಲಿ ಅದೂ ಬಾಂಗ್ಲಾದೇಶಕ್ಕೆ ಹೋಯಿತು. 2022ರ ಏಷ್ಯನ್ ಕಪ್ ನಮ್ಮಲ್ಲೇ, ಮುಂಬಯಿ ಪುಣೆ ಕಡೆ ನಡೆದಾಗ ತಂಡಕ್ಕೆ ಕೋವಿಡ್ ಬಂದು ಟೂರ್ನಿಯಿಂದಲೇ ಹೊರಗಾಗಬೇಕಾಯಿತು. ಆತಿಥ್ಯ ವಹಿಸಿದ ದೇಶದ ಹುಡುಗಿಯರು ಟೀವಿಯಲ್ಲಿ ಫೈನಲ್ ನೋಡುವಂತಾಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2025ರಲ್ಲಿ ಗಾಳಿ ಬದಲಾಯಿತು. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯಗಳು. ಭಾರತ ಮಂಗೋಲಿಯಾವನ್ನು 13-0, ತಿಮೋರ್ ಲೆಸ್ತೆಯನ್ನು 4-0, ಇರಾಕನ್ನು 5-0ರಿಂದ ಸೋಲಿಸಿತು. ಜುಲೈ 5ರಂದು ಎದುರಿಗೆ ಥಾಯ್ಲೆಂಡ್, ಎರಡು ವಿಶ್ವಕಪ್ ಆಡಿದ ತಂಡ, ಅದೂ ಅವರದ್ದೇ ನೆಲದಲ್ಲಿ. ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದು 2-1ರಿಂದ ಗೆಲ್ಲಿಸಿದರು. ಅರ್ಹತಾ ಸುತ್ತು ಆಡಿ ಗೆದ್ದು ಭಾರತ ಏಷ್ಯನ್ ಕಪ್‌ಗೆ ಹೋದದ್ದು ಅದೇ ಮೊದಲು.

ಆ ತಂಡದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಹುಡುಗಿಯೂ ಇದ್ದಳು. ನೀಲೇಶ್ವರ ಹತ್ತಿರದ ಬಂಗಳಂನ ಮಾಳವಿಕಾ. ಮಂಗೋಲಿಯಾ ಎದುರಿನ ಹದಿಮೂರು ಗೋಲುಗಳಲ್ಲಿ ಒಂದು ಅವಳದ್ದು. ತೃಕ್ಕರಿಪುರ ಕಡೆಯ ಗಂಡುಮಕ್ಕಳು ದೇಶಕ್ಕೆ ಆಡಿದ್ದನ್ನು ನಿಮ್ಮ ಮಕ್ಕಳು ಕೇಳಿಯೇ ಇರುತ್ತಾರೆ. ಈ ಹೆಸರನ್ನೂ ಬೋರ್ಡ್ ಮೇಲೆ ಬರೆಯಿರಿ.

ಇನ್ನು ತೋರಿಸಬೇಕಾದ ಪಂದ್ಯಗಳು. ಹಳೆಯ ಫೈನಲ್‌ಗಳ ತುಣುಕುಗಳು ಫಿಫಾದ ಯೂಟ್ಯೂಬ್ ಚಾನೆಲ್‌ನಲ್ಲಿ ಸಿಗುತ್ತವೆ. ಒಂದೇ ಒಂದು ತೋರಿಸುವುದಾದರೆ 2011ರ ಫೈನಲ್ ತೋರಿಸಿ. ಆ ವರ್ಷ ಮಾರ್ಚ್‌ನಲ್ಲಿ ಜಪಾನಿಗೆ ಸುನಾಮಿ ಬಂದಿತ್ತು. ಜುಲೈನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅಮೆರಿಕ ಎರಡು ಸಲ ಮುಂದೆ ಹೋಯಿತು, ಜಪಾನ್ ಎರಡು ಸಲವೂ ಸಮ ಮಾಡಿತು. ಹೆಚ್ಚುವರಿ ಸಮಯದ ಆಟದಲ್ಲಿ, 117ನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಬಾಲನ್ನು ಹೊಮಾರೆ ಸಾವಾ ಓಡುತ್ತಲೇ ಕಾಲಿನ ಹೊರಬದಿಯಿಂದ ತಟ್ಟಿದ್ದನ್ನು ನಿಧಾನ ಮಾಡಿ ತೋರಿಸಿ. ಮುಖ ಗೋಲಿನ ಕಡೆ ಇಲ್ಲ, ಮೈ ಪಕ್ಕಕ್ಕಿದೆ, ಬಾಲ್ ಮಾತ್ರ ಬಲೆಯೊಳಗೆ. ಪೆನಾಲ್ಟಿಯಲ್ಲಿ ಜಪಾನ್ ಗೆದ್ದಿತು. ಎತ್ತರದಲ್ಲೂ ಮೈಕಟ್ಟಿನಲ್ಲೂ ಅಮೆರಿಕದವರಿಗಿಂತ ಚಿಕ್ಕವರು ಪಾಸಿಂಗ್‌ನಿಂದ ಹೇಗೆ ಆಟ ಹಿಡಿದರು ಅನ್ನುವುದು ನಮ್ಮ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಡಿಫೆನ್ಸ್ ಆಡುವ ಹುಡುಗಿಯರಿಗೆ 1991ರ ಆ ಬ್ಯಾಕ್ ಪಾಸ್ ತೋರಿಸಿ, ಗೋಲಿ ಹುಡುಗಿಗೆ 2007ರ ಫೈನಲ್‌ನಲ್ಲಿ ನಾಡಿನೆ ಆಂಗರರ್ ಬ್ರೆಜಿಲ್‌ನ ಮಾರ್ತಾ ಹೊಡೆದ ಪೆನಾಲ್ಟಿ ತಡೆದದ್ದನ್ನು ತೋರಿಸಿ. ಇವೆಲ್ಲ ಆದ ಮೇಲೆ ಭಾರತ-ಥಾಯ್ಲೆಂಡ್ ಪಂದ್ಯದ ಎರಡು ಗೋಲು. ಅದನ್ನು ಕೊನೆಗೆ ಇಟ್ಟುಕೊಳ್ಳಿ, ನೋಡಿದ ಕೂಡಲೇ ಅವರಿಗೆ ಗ್ರೌಂಡಿಗೆ ಇಳಿಯಬೇಕು ಅನ್ನಿಸುತ್ತದೆ. ಆಟದ ಪೀರಿಯಡ್‌ಗೆ ಮೊದಲು ತೋರಿಸಿದರೆ ಒಳ್ಳೆಯದು.